ಹಳೆ ದೋಣಿಯ ಆಕಾರ ನಂಬಿ, ಹಳೆ ಬೋಲ್ಟ್ ನಂಬಬೇಡಿ

ಪ್ರಶ್ನೆ: ನಾನು ಶಿವಮೊಗ್ಗದ ಕಡೆಯವನು. ಕೆಲವು ವರ್ಷಗಳಿಂದ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿದ್ದೇನೆ. ಇಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತೆ. ಈಗ ಸ್ವಂತದ್ದೊಂದು ಕೊಳ್ಳುವ ಆಸೆ. 1970ರ ದಶಕದ ಕಾಂಟೆಸ್ಸಾ 32 ಒಂದು ಮಾರಾಟಕ್ಕಿದೆ. ಅದೇ ದುಡ್ಡಿಗೆ ಅದಕ್ಕಿಂತ ಹೊಸದು, ಒಳಗೆ ಜಾಸ್ತಿ ಜಾಗ ಇರುವ ದೋಣಿಯೂ ಸಿಗುತ್ತದೆ. ಹಳೆಯವೇ ಸಮುದ್ರಕ್ಕೆ ಗಟ್ಟಿ ಅಂತ ಇಲ್ಲಿ ತುಂಬಾ ಜನ ಹೇಳುತ್ತಾರೆ. ಅದು ನಿಜವೇ, ಇಲ್ಲಾ ಹಳೆಯದರ ಮೇಲಿನ ಮೋಹವೇ? ಮುಂದೊಂದು ದಿನ ಹೆಂಡತಿಯ ಜೊತೆ ಪೋರ್ಚುಗಲ್ ತನಕ ಹೋಗಬೇಕು ಅಂತಿದೆ.

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ನಾನು ಹೊನ್ನಾವರದವನು. ಇಪ್ಪತ್ತು ವರ್ಷ ಸರಕು ಹಡಗಿನಲ್ಲಿ ದುಡಿದೆ. ಆಮೇಲೆ ಹಾಯಿದೋಣಿಗಳ ತಪಾಸಣೆಯನ್ನೇ ಕಸುಬು ಮಾಡಿಕೊಂಡೆ. ಕೊಳ್ಳುವವರ ಪರವಾಗಿ ದೋಣಿಯ ಹೊಟ್ಟೆಯೊಳಗೆ ತೆವಳಿ, ಟಾರ್ಚ್ ಹಿಡಿದು, ಎಲ್ಲಿ ಕೊಳೆತಿದೆ, ಎಲ್ಲಿ ಬಿರುಕಿದೆ ಅಂತ ಹುಡುಕುವ ಕೆಲಸ.

ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆ ಸೇರಿಕೊಂಡಿವೆ. ಆ ಕಾಲದ ಆಕಾರ ಗಟ್ಟಿಯೇ ಅನ್ನುವುದು ಒಂದು. ಐವತ್ತು ವರ್ಷ ನೀರಿನಲ್ಲಿ ನಿಂತ ಈ ದೋಣಿ ಗಟ್ಟಿಯೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೌದು ಅಂತ ಧೈರ್ಯವಾಗಿ ಹೇಳುತ್ತೇನೆ. ಎರಡನೆಯದನ್ನು ಬಿಚ್ಚಿ ನೋಡದೆ ಯಾರೂ ಹೇಳಲಾರರು.

ಹಳೆ ಹಾಯಿದೋಣಿ ಅಂದರೆ ನನಗೆ ಮೊದಲು ನೆನಪಾಗುವುದು ಸುಹೈಲಿ. ಅದು ಹುಟ್ಟಿದ್ದು ನಮ್ಮ ಮುಂಬೈಯಲ್ಲಿ. ಕೊಲಾಬಾದಲ್ಲಿ ತೇಗದ ಮರದಿಂದ ಕಟ್ಟಿ, 1964ರ ಡಿಸೆಂಬರ್‌ನಲ್ಲಿ ನೀರಿಗಿಳಿಸಿದ 32 ಅಡಿಯ ದೋಣಿ. ಅದರ ಒಡೆಯ ರಾಬಿನ್ ನಾಕ್ಸ್-ಜಾನ್‌ಸ್ಟನ್ ಆಗ ಸರಕು ಹಡಗಿನ ಅಧಿಕಾರಿ. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್‌ನಿಂದ ಒಬ್ಬರೇ ಹೊರಟರು. ಎಲ್ಲೂ ನಿಲ್ಲದೆ ಭೂಮಿ ಸುತ್ತಿ 1969ರ ಏಪ್ರಿಲ್ 22ರಂದು ಅಲ್ಲಿಗೇ ಬಂದು ಮುಟ್ಟಿದರು. 312 ದಿನ, 30,000ಕ್ಕೂ ಹೆಚ್ಚು ಮೈಲಿ. ಸರಾಸರಿ ವೇಗ ಸುಮಾರು 4 ನಾಟ್, ಅಂದರೆ ಗಂಟೆಗೆ ಏಳೂವರೆ ಕಿಲೋಮೀಟರ್. ಚುರುಕಾಗಿ ನಡೆಯುವವರಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಅದು ಗೋಲ್ಡನ್ ಗ್ಲೋಬ್ ಅನ್ನುವ ಸ್ಪರ್ಧೆ. ಅದಕ್ಕೆ ಹೊರಟ 9 ಜನರಲ್ಲಿ ಮುಗಿಸಿದವರು ಅವರೊಬ್ಬರೇ.

ಸುಹೈಲಿಗೆ ಆಗದ ತೊಂದರೆ ಇರಲಿಲ್ಲ. ಹೊರಟು ಹೆಚ್ಚು ದಿನವಾಗಿರಲಿಲ್ಲ, ಅಟ್ಲಾಂಟಿಕ್‌ನಲ್ಲೇ ಕೀಲ್, ಅಂದರೆ ದೋಣಿಯ ತಳದ ಬೆನ್ನೆಲುಬು, ಅದರ ಪಕ್ಕದ ಹಲಗೆಯ ಸಂದಿಯಿಂದ ನೀರು ಒಳಗೆ ಬರತೊಡಗಿತು. ಅವರು ಶಾರ್ಕ್‌ಗಳಿಗೆ ಮೈ ಬೆಳ್ಳಗೆ ಕಾಣದಿರಲಿ ಅಂತ ಕಪ್ಪು ಬಟ್ಟೆ ತೊಟ್ಟು ದೋಣಿಯ ಅಡಿಗೆ ಮುಳುಗಿದರು. ಉಸಿರು ಕಟ್ಟಿದಷ್ಟು ಹೊತ್ತು ಸುತ್ತಿಗೆ ಏಟು, ಮತ್ತೆ ಮೇಲೆ, ಮತ್ತೆ ಕೆಳಗೆ. ಸಂದಿಗೆ ಹತ್ತಿ ತುಂಬಿ, ಮೇಲೆ ತಾಮ್ರದ ಪಟ್ಟಿ ಹೊಡೆದು ಮುಚ್ಚಿದರು. ಮುಂದೆ ದಕ್ಷಿಣ ಸಾಗರದಲ್ಲಿ ಅಲೆ ಹೊಡೆದು ದೋಣಿ ಪಕ್ಕಕ್ಕೆ ಮಲಗಿತು, ಮತ್ತೆ ಎದ್ದಿತು. ಆಸ್ಟ್ರೇಲಿಯಾ ಹತ್ತಿರ ತಾನಾಗಿ ದಾರಿ ಹಿಡಿಯುವ ಸಲಕರಣೆ ರಿಪೇರಿಗೂ ಸಿಗದಂತೆ ಮುರಿದುಹೋಯಿತು. ಮುಂದಿದ್ದದ್ದು ಪೂರಾ ಪೆಸಿಫಿಕ್, ಆಮೇಲೆ ಪೂರಾ ಅಟ್ಲಾಂಟಿಕ್. ಒಬ್ಬ ಮನುಷ್ಯ ದಿನದ 24 ಗಂಟೆ ಚುಕ್ಕಾಣಿ ಹಿಡಿದು ಕೂರಲು ಸಾಧ್ಯವೇ? ಅವರು ಹಾಯಿಗಳನ್ನು ಹೊಂದಿಸಿ, ಚುಕ್ಕಾಣಿಯನ್ನು ಕಟ್ಟಿ ಮಲಗಿದರು. ಸುಹೈಲಿ ತನ್ನ ದಾರಿ ತಾನೇ ಹಿಡಿದು ನಡೆಯಿತು.

ಹಳೆ ಆಕಾರದ ಗುಣ ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಮನುಷ್ಯ ದಣಿದು ಬಿದ್ದಾಗ ದೋಣಿ ಅವನನ್ನು ಕಾಯಬೇಕು.

ಈ ಗುಣ ಎಲ್ಲಿಂದ ಬಂತು ಅನ್ನುವುದಕ್ಕೆ ಒಂದು ವಂಶಾವಳಿಯೇ ಇದೆ. ನಾರ್ವೆಯ ಲಾರ್ವಿಕ್‌ನಲ್ಲಿ ಕಾಲಿನ್ ಆರ್ಚರ್ ಅನ್ನುವ ದೋಣಿ ಕಟ್ಟುವವರಿದ್ದರು. ಧ್ರುವಯಾನಕ್ಕೆ ಹೋದ ಫ್ರಾಮ್ ಹಡಗನ್ನು ಕಟ್ಟಿದವರೂ ಅವರೇ. ಬಿರುಗಾಳಿಗೆ ಸಿಕ್ಕ ಮೀನುಗಾರರನ್ನು ಉಳಿಸಲು 1893ರಲ್ಲಿ ಅವರೊಂದು ರಕ್ಷಣಾ ದೋಣಿ ಮಾಡಿದರು. ಹಿಂದೆ ಮುಂದೆ ಎರಡೂ ಕಡೆ ಚೂಪು, ಉದ್ದನೆಯ ಆಳದ ಕೀಲ್, ಅದರಡಿ ಕಬ್ಬಿಣದ ಭಾರ. ಮಾರನೆಯ ವರ್ಷವೇ, ನಾರ್ವೆಯ ತುತ್ತತುದಿಯ ಹಾಮ್ನಿಂಗ್‌ಬರ್ಗ್‌ನಲ್ಲಿ, ಬೇರೆ ಯಾವ ದೋಣಿಯೂ ಹೊರಡಲಾಗದ ಗಾಳಿಯಲ್ಲಿ ಅದು 36 ಜನರನ್ನು ಉಳಿಸಿತು. 1920ರ ದಶಕದಲ್ಲಿ ಅಮೆರಿಕದ ವಿಲಿಯಂ ಆಟ್ಕಿನ್ ಆ ಆಕಾರವನ್ನು 32 ಅಡಿಗೆ ಇಳಿಸಿ ಎರಿಕ್ ಅನ್ನುವ ನಕ್ಷೆ ಬರೆದರು. ಸುಹೈಲಿ ಆ ಎರಿಕ್‌ನ ಮಗಳು.

ನಮ್ಮ ಕರಾವಳಿಯಲ್ಲಿ ಮಂಗಳೂರು ಹೆಂಚು ಹೊತ್ತು ಹೋಗುತ್ತಿದ್ದ ಮಂಜಿ, ಪತ್ತೇಮಾರಿಗಳು ಎಷ್ಟು ಚೆಂದ! ಆದರೆ ಮಳೆಗಾಲ ಶುರುವಾದರೆ ಅವು ದಡ ಸೇರುತ್ತಿದ್ದವು. ಮೀನೆಣ್ಣೆ ಬಳಿಸಿಕೊಂಡು, ತೆಂಗಿನ ಗರಿ ಹೊದ್ದು ಕೂರುತ್ತಿದ್ದವು. ಹವೆ ನೋಡಿ ಹೊರಡುವುದೇ ನಮ್ಮ ಹಿರಿಯರ ಸುರಕ್ಷತೆ. ಅದು ಜಾಣತನ. ಕಾಲಿನ್ ಆರ್ಚರ್ ದೋಣಿಗೆ ಆ ಆಯ್ಕೆಯೇ ಇರಲಿಲ್ಲ. ಉಳಿದವರೆಲ್ಲ ದಡಕ್ಕೆ ಓಡುವ ಹೊತ್ತಿಗೆ ಅದು ಹೊರಡಬೇಕು. ಆ ಅಗತ್ಯವೇ ಅದರ ಆಕಾರವನ್ನು ತಿದ್ದಿತು.

ಅದೇ ವಂಶದ ಇನ್ನೊಂದು ಕುಡಿ ಕ್ಯಾಲಿಫೋರ್ನಿಯಾದ ವೆಸ್ಟ್‌ಸೇಲ್ 32. 1991ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಪೂರ್ವ ಕರಾವಳಿಯಾಚೆ ಭಾರಿ ಬಿರುಗಾಳಿ ಎದ್ದಿತು. ಸಟೋರಿ ಅನ್ನುವ ವೆಸ್ಟ್‌ಸೇಲ್‌ನಲ್ಲಿದ್ದ ಮೂವರನ್ನು ಕರಾವಳಿ ಪಡೆಯವರು ಹೆಲಿಕಾಪ್ಟರ್‌ನಲ್ಲಿ ಎತ್ತಿಕೊಂಡು ಹೋದರು. ದೋಣಿಯನ್ನು ಅಲ್ಲೇ ಬಿಟ್ಟರು. ಆಮೇಲೆ ನೋಡಿದರೆ ಅದು ಅಸಟೀಗ್ ದ್ವೀಪದ ಮರಳಿನ ಮೇಲೆ ಬಂದು ಕೂತಿತ್ತು. ಒಡೆದಿರಲಿಲ್ಲ, ಮುಳುಗಿರಲಿಲ್ಲ.

ಈಗ ನಿಮ್ಮ ಕಾಂಟೆಸ್ಸಾಕ್ಕೆ ಬರೋಣ. ಅದು ಈ ವಂಶದ್ದಲ್ಲ, ಆದರೆ ಗುಣ ಅದೇ. ಡೇವಿಡ್ ಸ್ಯಾಡ್ಲರ್ ನಕ್ಷೆ ಬರೆದದ್ದು, ಜೆರೆಮಿ ರಾಜರ್ಸ್ ನಿಮ್ಮೂರ ಪಕ್ಕದ ಲಿಮಿಂಗ್ಟನ್‌ನಲ್ಲಿ ಕಟ್ಟಿದ್ದು. 700ಕ್ಕೂ ಜಾಸ್ತಿ ದೋಣಿಗಳು ಹೊರಬಂದವು. 32 ಅಡಿ ಉದ್ದ, ಬರೀ ಒಂಬತ್ತೂವರೆ ಅಡಿ ಅಗಲ. ಒಟ್ಟು ತೂಕ ಸುಮಾರು 4.3 ಟನ್. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಕೀಲ್‌ನಲ್ಲಿರುವ ಸೀಸದ್ದೇ.

ಈ ಸೀಸದ ಮಹಿಮೆ ತಿಳಿಯಲು ತಂಜಾವೂರು ಗೊಂಬೆ ನೆನಪು ಮಾಡಿಕೊಳ್ಳಿ. ತಳದಲ್ಲಿ ಭಾರ ಇರುವುದರಿಂದ ಎಷ್ಟು ಬಗ್ಗಿಸಿದರೂ ಏಳುತ್ತದೆ. ದೋಣಿಯೂ ಹಾಗೆಯೇ, ಆದರೆ ಅದಕ್ಕೊಂದು ಮಿತಿ ಇದೆ. ಇಷ್ಟು ಡಿಗ್ರಿ ತನಕ ವಾಲಿದರೆ ಏಳುತ್ತದೆ, ಅದರಾಚೆ ಮಗುಚಿಯೇ ಬಿಡುತ್ತದೆ ಅನ್ನುವ ಒಂದು ಕೋನ. ಕಾಂಟೆಸ್ಸಾ 32ರಲ್ಲಿ ಅದು ಸುಮಾರು 155 ಡಿಗ್ರಿ. ಆ ಕಾಲದ ಕೆಲವು ಹಗುರ ರೇಸ್ ದೋಣಿಗಳಲ್ಲಿ 120ರ ಆಸುಪಾಸು. ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ, ನೀರು ಮುಟ್ಟುವುದು 90 ಡಿಗ್ರಿಗೆ. ಅಂದರೆ ಕೂವೆಮರ ನೀರಿನೊಳಗೆ ಆಳಕ್ಕೆ ಮುಳುಗಿದ ಮೇಲೂ ಕಾಂಟೆಸ್ಸಾ ಎದ್ದು ಬರುತ್ತದೆ. ಪೂರ್ತಿ ಮಗುಚಿದರೂ ಜಾಸ್ತಿ ಹೊತ್ತು ಹಾಗೆ ಇರಲಾರದು. ಅಗಲದ ಹರಿವಾಣ ಕವುಚಿ ಬಿದ್ದರೆ ಕವುಚಿಯೇ ಕೂರುತ್ತದೆ. ತೆಂಗಿನಕಾಯಿಯನ್ನು ಹೇಗೆ ಇಟ್ಟರೂ ಉರುಳುತ್ತದೆ, ಅಲ್ವಾ? ಅಗಲ ದೋಣಿಗೂ ಕಿರಿದಾದ ದೋಣಿಗೂ ಇರುವ ವ್ಯತ್ಯಾಸ ಇದೇ.

ಇದು ಬರೀ ಲೆಕ್ಕದ ಮಾತಲ್ಲ ಅಂತ ಗೊತ್ತಾದದ್ದು 1979ರ ಆಗಸ್ಟ್‌ನ ಫಾಸ್ಟ್‌ನೆಟ್ ರೇಸ್‌ನಲ್ಲಿ. 303 ದೋಣಿಗಳು ಹೊರಟಿದ್ದವು. ಐರ್ಲೆಂಡ್ ಮತ್ತು ಇಂಗ್ಲೆಂಡ್ ನಡುವಿನ ಸಮುದ್ರದಲ್ಲಿ ರಾತ್ರಿ ಬಿರುಗಾಳಿ ಬಡಿಯಿತು. 15 ಸ್ಪರ್ಧಿಗಳು ಸತ್ತರು. 24 ದೋಣಿಗಳನ್ನು ಜನ ಬಿಟ್ಟು ಇಳಿದರು. ಅವುಗಳಲ್ಲಿ ಮುಳುಗಿದವು 5. ಉಳಿದ 19 ಆಮೇಲೆ ತೇಲುತ್ತಲೇ ಸಿಕ್ಕವು. ಈ ಸಂಖ್ಯೆಗಳನ್ನು ನೆನೆದಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ. ಜೀವರಕ್ಷಕ ರಾಫ್ಟ್‌ಗೆ ಇಳಿಯುವುದಿದ್ದರೆ ದೋಣಿ ನಿಮ್ಮ ಕಾಲಡಿಯಿಂದ ಜಾರಿಹೋಗುತ್ತಿರುವಾಗ ಮಾತ್ರ, ಅದಕ್ಕೆ ಮೊದಲಲ್ಲ ಅನ್ನುವ ಪಾಠವನ್ನು ನಾವೆಲ್ಲ ಕಲಿತದ್ದು ಆ ರಾತ್ರಿಯಿಂದ. ಅತಿ ಚಿಕ್ಕ ದೋಣಿಗಳ ವರ್ಗದಲ್ಲಿ ರೇಸ್ ಮುಗಿಸಿದ್ದು ಒಂದೇ ಒಂದು. ಅಸೆಂಟ್ ಅನ್ನುವ ಕಾಂಟೆಸ್ಸಾ 32. ಮುಂದೆ ಅದೇ ದೋಣಿ ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ ಎಲ್ಲಾ ಕಂಡು ಬಂತು.

ಹಾಗಂತ ಯಾವ ದೋಣಿಯೂ ಮಗುಚುವುದೇ ಇಲ್ಲ ಅಂತ ತಿಳಿಯಬೇಡಿ. ಫಾಸ್ಟ್‌ನೆಟ್ ಆದ ಮೇಲೆ ತೊಟ್ಟಿಯಲ್ಲಿ ಮಾದರಿಗಳನ್ನಿಟ್ಟು ಪರೀಕ್ಷೆ ಮಾಡಿದರು. ದೋಣಿಯ ಉದ್ದದ 30%ರಷ್ಟು ಎತ್ತರದ ಅಲೆ ಪಕ್ಕದಿಂದ ಒಡೆದು ಬಡಿದರೆ ಕೆಲವು ಮಗುಚಿದವು. 60% ಎತ್ತರವಾದರೆ ಯಾವುದೂ ನಿಲ್ಲಲಿಲ್ಲ. 32 ಅಡಿಗೆ ಲೆಕ್ಕ ಹಾಕಿದರೆ ಸುಮಾರು 19 ಅಡಿಯ ಒಡೆಯುವ ಅಲೆ. ಹಾಗಾಗಿ ಅಲೆಗೆ ಪಕ್ಕ ಕೊಡದಿರುವುದೇ ಮುಖ್ಯ. ಇಲ್ಲಿಯೂ ಹಳೆ ಆಕಾರ ಕೈ ಹಿಡಿಯುತ್ತದೆ.

ಒಮ್ಮೆ ಒಬ್ಬರ ಉದ್ದ ಕೀಲ್‌ನ ದೋಣಿಯನ್ನು ಪೋರ್ಚುಗಲ್‌ಗೆ ಮುಟ್ಟಿಸಲು ಇಬ್ಬರೇ ಹೊರಟಿದ್ದೆವು. ನೀವು ಹೋಗಬೇಕೆಂದಿರುವ ದಾರಿಯೇ. ಬಿಸ್ಕೆ ಕೊಲ್ಲಿಯಲ್ಲಿ ಗಾಳಿ 40 ನಾಟ್‌ಗೆ ಏರಿತು. ಎರಡು ರಾತ್ರಿ ನಿದ್ದೆ ಇಲ್ಲ. ಕೈ ಮರಗಟ್ಟಿ ಗಂಟು ಬಿಚ್ಚಲೂ ಆಗುತ್ತಿಲ್ಲ. ಜೊತೆಗಿದ್ದವರು ವಾಂತಿ ಮಾಡಿ ಮಾಡಿ ಸುಸ್ತಾಗಿದ್ದರು. ಆಗ ದೋಣಿಯನ್ನು ಗಾಳಿಗೆ ತಿರುಗಿಸಿ, ಮುಂದಿನ ಚಿಕ್ಕ ಹಾಯಿಯನ್ನು ಉಲ್ಟಾ ಕಡೆಗೇ ಬಿಟ್ಟು, ಚುಕ್ಕಾಣಿಯ ಹಿಡಿಯನ್ನು ಹಗ್ಗದಿಂದ ಗಾಳಿಯ ಆಚೆ ಬದಿಗೆ ಕಟ್ಟಿದೆ. ಮುಂದಿನ ಹಾಯಿ ಮೂತಿಯನ್ನು ಒಂದು ಕಡೆ ತಳ್ಳುತ್ತದೆ, ದೊಡ್ಡ ಹಾಯಿ ಮತ್ತು ಚುಕ್ಕಾಣಿ ಇನ್ನೊಂದು ಕಡೆ. ಎರಡೂ ಸಮನಾಗಿ ದೋಣಿ ನಿಂತುಬಿಡುತ್ತದೆ. ಗಾಳಿಗೆ ಓರೆಯಾಗಿ ಮೂತಿ ಕೊಟ್ಟು, ನಿಧಾನಕ್ಕೆ ಪಕ್ಕಕ್ಕೆ ಜರುಗುತ್ತಾ ಇರುತ್ತದೆ. ಬಾಗಿಲು ಹಾಕಿದ ಹಾಗೆ ಸದ್ದೆಲ್ಲ ಕಮ್ಮಿಯಾಯಿತು. ಗಾಳಿ ಬರುವ ಕಡೆ ನೋಡಿದೆ. ಉದ್ದ ಕೀಲ್ ಪಕ್ಕಕ್ಕೆ ಎಳೆದ ಜಾಗದಲ್ಲಿ ನೀರು ಎಣ್ಣೆ ಚೆಲ್ಲಿದಂತೆ ನುಣ್ಣಗಾಗಿತ್ತು. ಅಲೆಗಳು ಅಲ್ಲಿಗೆ ಬಂದು ತಲೆ ಒಡೆದುಕೊಳ್ಳದೆ ಹಾಗೇ ಕೆಳಗೆ ಹಾದುಹೋಗುತ್ತಿದ್ದವು. ಒಳಗೆ ಹೋಗಿ ಗಂಜಿ ಬೇಯಿಸಿದೆ. ಇಬ್ಬರೂ ಉಪ್ಪಿನಕಾಯಿ ಹಾಕಿಕೊಂಡು ಉಂಡು ಆರು ಗಂಟೆ ಸರದಿಯಲ್ಲಿ ಮಲಗಿದೆವು.

ಎಲ್ಲಾ ದೋಣಿಗಳೂ ಹೀಗೆ ನಿಲ್ಲುವುದಿಲ್ಲ. ಕಿರಿದಾದ ಆಳದ ಕೀಲ್, ಅಗಲದ ಹಿಂಭಾಗ ಇರುವ ಹಗುರ ದೋಣಿಗಳಲ್ಲಿ ಕೆಲವು ಗಾಳಿಯ ಎದುರು ಅತ್ತಿತ್ತ ಅಲೆದಾಡುತ್ತವೆ. ಅವುಗಳ ಬಲ ಬೇರೆ, ಅದೂ ಕಮ್ಮಿಯದಲ್ಲ. ಅವು ಬೇಗ ಓಡುತ್ತವೆ. ಈಗ ಹವಾಮಾನದ ಮುನ್ಸೂಚನೆ ಚೆನ್ನಾಗಿ ಸಿಗುವುದರಿಂದ ಬಿರುಗಾಳಿಗೆ ಸಿಗದೆ ಪಾರಾಗಬಹುದು. ಕಾಂಟೆಸ್ಸಾ ನೀರಿಗೆ ತಾಗುವ ಉದ್ದ 24 ಅಡಿ. ಅಷ್ಟು ಉದ್ದಕ್ಕೆ ನೀರು ಕೊಡುವ ವೇಗದ ಮಿತಿ ಸುಮಾರು ಆರೂವರೆ ನಾಟ್. ಅದರಲ್ಲಿ ಬಿರುಗಾಳಿಯಿಂದ ಓಡಿ ತಪ್ಪಿಸಿಕೊಳ್ಳಲು ಆಗದು, ತಾಳಿಕೊಳ್ಳಬೇಕು. ಒಳಗೆ ಇಕ್ಕಟ್ಟು. ಗಾಳಿಗೆ ಎದುರು ಹೋದರೆ ನೀರು ಮೈಮೇಲೆಲ್ಲ ಎರಚುತ್ತದೆ. ಇನ್ನು ಪೂರ್ತಿ ಉದ್ದ ಕೀಲ್‌ನ ದೋಣಿಗಳಂತೂ ಮರೀನಾದಲ್ಲಿ ರಿವರ್ಸ್ ಹಾಕಿದರೆ ತಮಗೆ ಬೇಕಾದ ಕಡೆಗೇ ಹೋಗುತ್ತವೆ.

ಬಂದರಿನಲ್ಲಿ ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ಹೊಸದೇ ಗೆಲ್ಲುತ್ತದೆ. ಹಳೆಯದರ ಬೆಲೆ ಗೊತ್ತಾಗುವುದು ಮೂರನೇ ದಿನದ ರಾತ್ರಿ. ಭಾರದ ದೋಣಿ ಅಲೆಯ ಮೇಲೆ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ, ಧಡ್ ಅಂತ ಬಡಿಯುವುದಿಲ್ಲ. ಮೈ ನುಜ್ಜುಗುಜ್ಜಾಗದಿದ್ದರೆ ತಲೆ ಸರಿಯಾಗಿ ಓಡುತ್ತದೆ. ಸಮುದ್ರದಲ್ಲಿ ನಾನು ಕಂಡ ಹೆಚ್ಚಿನ ಅಪಘಾತಗಳು ಶುರುವಾದದ್ದು ದಣಿದ ತಲೆ ಮಾಡಿದ ತಪ್ಪಿನಿಂದ.

ಇನ್ನು ಎರಡನೇ ಪ್ರಶ್ನೆ, ವಯಸ್ಸಿನದು.

2018ರಲ್ಲಿ ಸುಹೈಲಿಯ ಯಾನದ ಐವತ್ತನೇ ವರ್ಷಕ್ಕೆ ಗೋಲ್ಡನ್ ಗ್ಲೋಬ್ ರೇಸ್ ಮತ್ತೆ ಶುರುವಾಯಿತು. 1988ಕ್ಕಿಂತ ಮುಂಚೆ ನಕ್ಷೆಯಾದ, 32ರಿಂದ 36 ಅಡಿಯ, ಉದ್ದ ಕೀಲ್‌ನ ದೋಣಿಗಳಿಗೆ ಮಾತ್ರ ಪ್ರವೇಶ. ನಮ್ಮ ಅಭಿಲಾಷ್ ಟೋಮಿ ಗೋವಾದಲ್ಲಿ ಕಟ್ಟಿದ ತುರಿಯಾದಲ್ಲಿ ಹೋದರು. ಅದು ಸುಹೈಲಿಯದೇ ಪಡಿಯಚ್ಚು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಅದರ ಕೂವೆಮರಗಳು ಮುರಿದವು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಫ್ರಾನ್ಸಿನ ಒಸಿರಿಸ್ ಹಡಗು ಬಂದು ಎತ್ತಿಕೊಳ್ಳುವ ತನಕ ತೇಲುತ್ತಾ ಅವರನ್ನು ಕಾಪಾಡಿದ್ದು ಆ ಒಡಲೇ. ಮುಂದಿನ ರೇಸ್‌ನಲ್ಲಿ ಅವರು ರಸ್ಲರ್ 36ರಲ್ಲಿ ಹೋಗಿ, 236 ದಿನಗಳಲ್ಲಿ ಮುಗಿಸಿ ಎರಡನೆಯವರಾದರು. ಗೆದ್ದವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್.

ಅದೇ ರೇಸ್‌ನಲ್ಲಿ, 2022ರ ನವೆಂಬರ್ 18ರಂದು, ಫಿನ್ಲೆಂಡಿನ ಟಾಪಿಯೋ ಲೆಹ್ಟಿನೆನ್ ಅವರ ಆಸ್ಟೀರಿಯಾಕ್ಕೆ ಹಿಂದಿನಿಂದ ನೀರು ನುಗ್ಗಿತು. ಐದೇ ನಿಮಿಷದಲ್ಲಿ ದೋಣಿ ಮುಳುಗಿತು. ಅದೂ 1960ರ ದಶಕದ ಹೆಸರಾಂತ ನಕ್ಷೆಯೇ. ಮಾರನೆಯ ದಿನ ಕರ್ಸ್ಟನ್ ತಮ್ಮ ದಾರಿ ಬಿಟ್ಟು ಹೋಗಿ ಅವರನ್ನು ರಾಫ್ಟ್‌ನಿಂದ ಎತ್ತಿಕೊಂಡರು. ಒಳ್ಳೆಯ ಆಕಾರಕ್ಕೂ ನೀರು ಒಳಬಂದರೆ ಮುಳುಗುವುದೊಂದೇ ದಾರಿ.

ಆದ್ದರಿಂದ ತಪಾಸಣೆ. ನಾನು ಮೊದಲು ಮಾಡುವ ಕೆಲಸ ಅಂದರೆ ಚಿಕ್ಕ ಪ್ಲಾಸ್ಟಿಕ್ ಸುತ್ತಿಗೆ ಹಿಡಿದು ಡೆಕ್ ಮೇಲೆಲ್ಲ ತಟ್ಟುತ್ತಾ ಹೋಗುವುದು. ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆಯೇ. ಗಟ್ಟಿ ಇದ್ದಲ್ಲಿ ಚುರುಕಾದ ಟಕ್ ಟಕ್ ಸದ್ದು. ಫೈಬರ್‌ಗ್ಲಾಸ್ ಪದರಗಳ ನಡುವಿನ ಮರ ನೀರು ಕುಡಿದು ಕೊಳೆತಲ್ಲಿ ಡಬ್ ಅಂತ ಸತ್ತ ಸದ್ದು. ಆ ಕಾಲದಲ್ಲಿ ಫೈಬರ್‌ಗ್ಲಾಸ್ ಹೊಸದು, ಎಷ್ಟು ದಪ್ಪ ಸಾಕು ಅಂತ ಯಾರಿಗೂ ಭರವಸೆ ಇರಲಿಲ್ಲ. ಹಾಗಾಗಿ ಒಡಲನ್ನು ಧಾರಾಳವಾಗಿ ದಪ್ಪಗೆ ಮಾಡಿದರು. ಅಡಿಯಲ್ಲಿ ನೀರುಗುಳ್ಳೆ ಎದ್ದಿದ್ದರೆ ಬೆಲೆ ಇಳಿಸಿ ಕೇಳಿ. ಅದರಿಂದ ದೋಣಿ ಮುಳುಗುವುದು ತೀರಾ ಅಪರೂಪ.

ಹೆದರಬೇಕಾದದ್ದು ಲೋಹಕ್ಕೆ. ಕೂವೆಮರವನ್ನು ಎಳೆದು ಹಿಡಿದಿರುವ ತಂತಿ ಹಗ್ಗಗಳು ಒಡಲಿಗೆ ಸೇರುವಲ್ಲಿ ಸ್ಟೀಲ್ ಪಟ್ಟಿಗಳಿರುತ್ತವೆ. ಚೈನ್‌ಪ್ಲೇಟ್ ಅನ್ನುತ್ತಾರೆ. ಸ್ಟೇನ್‌ಲೆಸ್ ಸ್ಟೀಲ್ ಹೊಳೆಯುತ್ತಾ ಉಳಿಯಲು ಗಾಳಿ ಬೇಕು. ಡೆಕ್ ತೂರಿ ಹೋಗುವ ಜಾಗದಲ್ಲಿ ತೇವ ಇದೆ, ಗಾಳಿ ಇಲ್ಲ. ಅಲ್ಲಿ ಅದು ಒಳಗೊಳಗೇ ತಿಂದುಹೋಗುತ್ತದೆ. ಮೇಲೆ ಕನ್ನಡಿಯ ಹಾಗಿದ್ದ ಪಟ್ಟಿಯನ್ನು ಬಿಚ್ಚಿ ಎಳೆದಾಗ, ಮುಚ್ಚಿದ್ದ ಎರಡಿಂಚಿನಲ್ಲಿ ಕಂದು ಕಲೆ, ಅದರ ನಡುವೆ ಕೂದಲೆಳೆಯಂಥ ಬಿರುಕು. ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಮ್ಮೆ ನಾನೇ, ತಂತಿಗಳೆಲ್ಲ ಹೊಸದು ಅಂತ ಮಾರಿದವರು ಕೊಟ್ಟ ಕಾಗದ ನಂಬಿ, ಬಿಚ್ಚಿ ನೋಡದೆ ಹೊರಟೆ. ಎರಡನೇ ದಿನ ಒಂದು ಜೋಡಣೆ ಪಟ್ ಅಂತ ಹೋಯಿತು. ಗಾಳಿ ಕಮ್ಮಿ ಇದ್ದದ್ದರಿಂದ ಕೂವೆಮರ ಉಳಿಯಿತು. ಅಂದಿನಿಂದ ಕಾಗದ ನಂಬುವುದನ್ನು ಬಿಟ್ಟೆ.

ತಂತಿಗಳಿಗೆ ಹತ್ತು ಹದಿನೈದು ವರ್ಷ ಆಗಿದ್ದರೆ ಎಲ್ಲವನ್ನೂ ಬದಲಿಸಿ. ಒಡಲಿಗೆ ತೂತು ಕೊರೆದು ಕೂರಿಸಿದ ನೀರಿನ ವಾಲ್ವ್‌ಗಳನ್ನು ಚಾಕುವಿನಿಂದ ಕೆರೆದು ನೋಡಿ. ಹಳದಿ ಬಣ್ಣ ಹೋಗಿ ಗುಲಾಬಿ ಕಂಡರೆ ಹಿತ್ತಾಳೆಯಲ್ಲಿದ್ದ ಸತು ಕರಗಿಹೋಗಿದೆ ಅಂತ ಅರ್ಥ. ಒಂದು ಒದೆತಕ್ಕೆ ಅದು ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಚುಕ್ಕಾಣಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಕೊಂಡ ಬೆಲೆಯಷ್ಟೇ ದುಡ್ಡನ್ನು ರಿಪೇರಿಗೂ ಎತ್ತಿಡಿ. ಹಾಗೆ ಎತ್ತಿಡಲು ಆಗದಿದ್ದರೆ ಈ ದೋಣಿ ಈಗ ಬೇಡ.

ಮೋಹದ ಮಾತನ್ನೂ ಕೇಳಿದ್ದೀರಿ. ಮೋಹ ಇದೆ, ಇರಲಿ ಬಿಡಿ. ಈ ದೋಣಿಗಳನ್ನು ಜನ ಇನ್ನೂ ಪ್ರೀತಿಸುವುದಕ್ಕೆ ಕಾರಣ ಚೆಂದ ಒಂದೇ ಅಂತ ನನಗನ್ನಿಸುವುದಿಲ್ಲ. ಅವುಗಳಲ್ಲಿ ಪ್ರತಿಯೊಂದೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಹಗ್ಗ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಅಂತ ಬೆರಳಿಟ್ಟು ತೋರಿಸಬಹುದು. ಕೆಟ್ಟದ್ದನ್ನು ನೀವೇ ಸರಿ ಮಾಡಬಹುದು. ಸುತ್ತಿಗೆ, ಹತ್ತಿ, ತಾಮ್ರದ ಪಟ್ಟಿ ಹಿಡಿದು ಸಮುದ್ರದ ಮಧ್ಯೆ ಮುಳುಗಿದ ಆ ಮನುಷ್ಯನಿಗೆ ಸಾಧ್ಯವಾದದ್ದು ದೋಣಿ ಅಷ್ಟು ಸರಳವಾಗಿದ್ದುದರಿಂದ. ತನಗೆ ಪೂರ್ತಿ ಅರ್ಥವಾಗುವ ದೋಣಿಯಲ್ಲಿ ಹೊರಟವನಿಗೆ ಧೈರ್ಯ ತಾನಾಗಿ ಬರುತ್ತದೆ.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ತಪಾಸಣೆಗೆ ಒಂದಾದರೂ ಚೈನ್‌ಪ್ಲೇಟ್ ಬಿಚ್ಚಲು ಅನುಮತಿ ಕೇಳಿ. ಕೊಡದಿದ್ದರೆ ನಮಸ್ಕಾರ ಹೇಳಿ ಬಂದುಬಿಡಿ. ಕೊಟ್ಟರೆ, ಎಲ್ಲಾ ಸರಿ ಕಂಡರೆ, ಗಾಳಿ 20 ನಾಟ್ ಇರುವ ದಿನ ನೋಡಿ ಹೆಂಡತಿಯನ್ನೂ ಕರೆದುಕೊಂಡು ನಿಮ್ಮೂರ ಹತ್ತಿರದ ಸೋಲೆಂಟ್ ಜಲಸಂಧಿಯಲ್ಲಿ ಒಂದು ಸುತ್ತು ಹೋಗಿ. ಚುಕ್ಕಾಣಿ ಅವರ ಕೈಗೆ ಕೊಡಿ. ಹಾಯಿಗಳನ್ನು ಸರಿಯಾಗಿ ಹೊಂದಿಸಿದ ಮೇಲೆ ಚುಕ್ಕಾಣಿಯಿಂದ ಕೈ ತೆಗೆಯಲು ಹೇಳಿ. ದೋಣಿ ದಾರಿ ಬಿಡುವ ತನಕ ಇಬ್ಬರೂ ಸೇರಿ ಎಣಿಸಿ. ನೂರು ದಾಟಿತು ಅಂದರೆ ನನಗೊಂದು ಸಾಲು ಬರೆಯಿರಿ.